ಯಾವ ಭಾಷೆಯ ಚಾಲು?

“ಚಾಲು! ಚಾಲು!” ಅಂತ ಬಸವೇಶ್ ಕೈ ಬೀಸಿ ಕೂಗಿದ. ನಾನು ಮೋಟಾರಿನ ವೇಗ ಏರಿಸಿ ಇಳಿಸೋ ಡ್ರೈವಿನ ನಾಬನ್ನ ಇನ್ನೂ ತಿರುಗಿಸಿಬಿಟ್ಟೆ. ಕಡ್ಲೆಕಾಯಿ ಸುಲಿಯೋ ಮಿಷನ್ ಹುಯ್ಯೋ ಅಂತ ಓಡಿ, ಬಿತ್ತನೆಗಿಟ್ಟ ಬೀಜ ಎಲ್ಲಾ ಎರಡೆರಡು ಬೇಳೆಯಾಗಿ ಉದುರಿತು.

ಅಯ್ಯೋ ನನ್ನ ಕರ್ಮವೇ! ಅಲ್ಲೀತನಕ ಕನ್ನಡದಲ್ಲೇ ಮಾತಾಡ್ತಿದ್ದ ಮನುಷ್ಯ ಗಾಬರಿಗೆ ತೆಲುಗಿಗೆ ಹಾರಿದ್ದ. ತೆಲುಗಲ್ಲಿ ಚಾಲು ಅಂದ್ರೆ ಸಾಕು. ನನ್ನ ಕಿವಿಗೆ ಬಿದ್ದಿದ್ದು ಕನ್ನಡದ ಚಾಲೂ, ಓಡ್ಸು ಅಂತ.

“ಹಿಂದೂಪುರದೋರಿಗೆ ತೆಲುಗು ಬರಲ್ವಾ?” ಅಂತ ಮಿಷನ್ ನಿಲ್ಲಿಸಿ ಕೇಳಿದ.

“ಬತ್ತದೆ ಕಣ್ರೀ. ಭಾಷೆ ಬದಲಾಯಿಸೋ ಮುಂಚೆ ನೀವು ಹಾರನ್ ಹೊಡೀಬೇಕು.”

ನಕ್ಕುಬಿಟ್ಟ. ರೆಪ್ಪೆ ಮೇಲೆಲ್ಲಾ ಕಡ್ಲೆ ಸಿಪ್ಪೆ ಧೂಳು. ಆ ಧೂಳಲ್ಲೂ ಆ ಕಣ್ಣು ನನ್ನೇ ನೋಡ್ತಿತ್ತು.

ನಾನು ಸ್ಪಂದನ. ಹಿಂದೂಪುರದಲ್ಲಿ ನಮ್ಮಪ್ಪಂದು ಮೋಟಾರ್ ಅಂಗಡಿ. ಕಲ್ಯಾಣದುರ್ಗದಲ್ಲಿರೋ ಬಸವೇಶನ ಈ ಮಿಲ್ಲಿಗೆ ಡ್ರೈವ್ ಕೂಡ್ಸೋಕೆ ಬಸ್ಸಲ್ಲಿ ಓಡಾಡ್ತಿದ್ದೆ. ಇವತ್ತು ಕೊನೇ ಟ್ರಯಲ್. ಬೀಜ ಒಡೀದೆ ಬಂದ್ರೆ ಕೆಲಸ ಮುಗೀತು, ಆಮೇಲೆ ಇವನನ್ನ ನೋಡೋಕೆ ನೆಪವೇ ಇಲ್ಲ. ಈ ಪುಣ್ಯಾತ್ಮ ಇನ್ನೂ ಬಾಯಿ ಬಿಟ್ಟಿಲ್ಲ! ಡ್ರೈವ್ ಕೆಟ್ಟೋಗ್ಲಿ ಅನ್ನೋಕೂ ಮನಸ್ಸಿಲ್ಲ, ಅದು ನನ್ನ ಕೈಕೆಲಸ.

“ಈ ಡಬ್ಬಿ ಒಳಗೆ ಏನೈತ್ರೀ?” ಅಂತ ಪಕ್ಕಕ್ಕೆ ಬಂದು ಬಗ್ಗಿದ.

“ಟ್ರಾನ್ಸಿಸ್ಟರು. ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗಿ, ನಾವು ಕೇಳಿದಷ್ಟು ಹರ್ಟ್ಜ್ ಮಾಡಿ ಕೊಡ್ತಾವೆ. ಹರ್ಟ್ಜ್ ಅಂದ್ರೆ ಕರೆಂಟಿನ ಮಿಡಿತ, ಅದನ್ನ ಇಳಿಸಿದ್ರೆ ಮೋಟಾರ್ ನಿಧಾನ.”

“ಅಷ್ಟೊಂದು ಆನ್ ಆಫಾ! ಸುಸ್ತಾಗಲ್ವಾ ಅವಕ್ಕೆ?”

“ಬಿಸಿ ಆಗ್ತಾವೆ. ಅದಕ್ಕೇ ಫ್ಯಾನ್ ಐತೆ.”

“ನನಗೂ ಒಂದು ಫ್ಯಾನ್ ಹಾಕ್ರೀ,” ಅಂದ ಮೆಲ್ಲಗೆ.

ಕೇಳಿಸದೋಳ ಥರ ಮಿಷನ್ ಮತ್ತೆ ಆನ್ ಮಾಡಿ ನಾಬ್ ಇಳಿಸಿದೆ. ಮೋಟಾರಿನ ಕೂಗು ಇಳೀತಾ ಇಳೀತಾ ಗುನುಗಾಯ್ತು. ಕೆಂಪು ಕೆಂಪು ಬೀಜ ಇಡಿಯಾಗಿ ಜಾರಿ ಬಂತು.

ಬಸವೇಶನ ಅಮ್ಮ ದ್ರಾಕ್ಷಾಯಣಮ್ಮ ಹತ್ರ ಬಂದು ಬೊಗಸೆ ತುಂಬ ಎತ್ತಿ ನೋಡಿದ್ರು. “ಒಂದೂ ಒಡೆದಿಲ್ಲ ಕಣಮ್ಮ! ಗೆದ್ಬುಟ್ಟೆ!”

ಕುಣಿಯೋಷ್ಟು ಖುಷಿ, ಅಳೋಷ್ಟು ಸಂಕಟ. ಸ್ಕ್ರೂಡ್ರೈವರ್ ಎಲ್ಲಾ ಬ್ಯಾಗಿಗೆ ತುರುಕಿದೆ. “ಹೋಗ್ಬತ್ತೀನ್ರೀ. ಇನ್ನು ನಾನು ಬರೋ ಅವಶ್ಯಕತೆ ಇಲ್ಲ.”

ಬಸವೇಶ್ ಟಪ್ಪಂತ ಸ್ಟಾಪ್ ಬಟನ್ ಒತ್ತಿದ. ಮಿಲ್ಲೆಲ್ಲಾ ಗಪ್‌ಚುಪ್.

“ಐತೆ. ಮಿಷನ್ನಿಗಲ್ಲ, ನನಗೆ. ನಿಮ್ಮನ್ನೇ ಮದುವೆ ಆಗ್ಬೇಕು ಅಂತ ಆಸೆ ಕಣ್ರೀ. ಅಮ್ಮಂಗೂ ಹೇಳೀನಿ. ಹಿಂದೂಪುರಕ್ಕೆ ಬಂದು ನಿಮ್ಮಪ್ಪನ್ನ ಕೇಳ್ಲಾ?”

ದ್ರಾಕ್ಷಾಯಣಮ್ಮ ಸೆರಗು ಬಾಯಿಗಿಟ್ಟು ನಗ್ತಿದ್ರು. ನಾನು ಬ್ಯಾಗ್ ಕೆಳಗಿಟ್ಟೆ. ಬಾಯಿಂದ ಹೊರಟಿದ್ದು ಒಂದೇ ಮಾತು.

“ಚಾಲು.”

ಅವನ ಮುಖ ಬಾಡಿತು. “ಸಾಕು ಅಂತಾನಾ?”

“ಏಯ್, ಅದು ಕನ್ನಡದ್ದು ಕಣೋ!” ಅಂದೆ, ರೀ ಗೀ ಎಲ್ಲಾ ಮರೆತು.