ಕೊಂಗಲ ಕುಂಟದ ಒಂದು ಬಾಟಲಿ ನೀರು

ಎಂಜಿನಿಯರ್ ಸಾಹೇಬರು ಕೆಸರಿನ ಅಂಚಿನಲ್ಲಿ ನಿಂತು ತಮ್ಮ ಬಿಳಿ ಬೂಟುಗಳನ್ನು ನೋಡಿಕೊಂಡರು. ಆಮೇಲೆ ಕೆರೆಯನ್ನು ನೋಡಿದರು. ಮತ್ತೆ ಬೂಟುಗಳನ್ನು ನೋಡಿಕೊಂಡರು. ಕೊನೆಗೆ ತಾರಾಳನ್ನು ನೋಡಿದರು.

ತಾರಾ ಶಾಲೆ ಬಿಟ್ಟು ಬರುತ್ತಿದ್ದಳು. ಬೆನ್ನಿಗೆ ಬ್ಯಾಗು, ಕೈಯಲ್ಲಿ ಚಪ್ಪಲಿ. ಕೆಸರಿನಲ್ಲಿ ಚಪ್ಪಲಿಯನ್ನು ಕೈಗೆ ಹಾಕಿಕೊಳ್ಳಬೇಕು, ಕಾಲಿಗಲ್ಲ ಎಂಬುದು ಆ ದಂಡೆಯ ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ.

"ಪಾಪಾ, ಇಲ್ಲಿ ಬಾ," ಎಂದು ಸಾಹೇಬರು ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಕರೆದರು. ಒಂದು ಗಾಜಿನ ಬಾಟಲಿ ಕೊಟ್ಟು, ಕೆಳಗಿಳಿದು ಕೆರೆಯ ನೀರು ತುಂಬಿಸಿಕೊಂಡು ಬಾ, ಜಾರಿ ಬೀಳಬೇಡ ಎಂದರು.

ಅಷ್ಟು ಸ್ವಚ್ಛವಾದ ಬಾಟಲಿಯನ್ನು ತಾರಾ ಎಲ್ಲಿಯೂ ನೋಡಿರಲಿಲ್ಲ. ಅದರ ಮುಚ್ಚಳ ಕೂಡ ಗಾಜಿನದು. ಅದನ್ನು ಎದೆಗೆ ಅವಚಿಕೊಂಡು ನಾಲ್ಕು ಹೆಜ್ಜೆ ಇಳಿದವಳು ಅಲ್ಲಿಯೇ ನಿಂತಳು.

ಆ ಕೆರೆಯ ಹೆಸರು ಕೊಂಗಲ ಕುಂಟ. ಕೊಂಗ ಎಂದರೆ ತೆಲುಗಿನಲ್ಲಿ ಕೊಕ್ಕರೆ, ಕುಂಟ ಎಂದರೆ ಕೆರೆ. ತಾರಾಳ ಮನೆಯವರು ಯಾದಗಿರಿ ಕಡೆಯಿಂದ ಗುಳೆ ಬಂದು ತೆಲುಗು ನಾಡಿನ ದೊಡ್ಡ ನಗರದಂಚಿನ ಕೊಂಡಾಪುರದ ಈ ದಂಡೆಯಲ್ಲಿ ತಗಡಿನ ಶೆಡ್ಡು ಹಾಕಿಕೊಳ್ಳುವ ಹೊತ್ತಿಗೆ ಹೆಸರು ಮಾತ್ರ ಉಳಿದಿತ್ತು, ಕೊಕ್ಕರೆಗಳು ಹೋಗಿಬಿಟ್ಟಿದ್ದವು. ಮೇಲಿನ ಮೂರು ಅಪಾರ್ಟ್‌ಮೆಂಟುಗಳ ಚರಂಡಿ ಬಂದು ಸೇರುವುದು ಇಲ್ಲಿಗೇ. ಬೆಳಿಗ್ಗೆ ನೀರು ಹಸಿರು, ಸಂಜೆ ಕಪ್ಪು, ಗಾಳಿ ಬೀಸಿದರೆ ಅದರ ಮೇಲೆ ಸೋಪಿನಂಥ ನೊರೆ. ದಾರಿಯಲ್ಲಿ ಹೋಗುವ ಎಮ್ಮೆಗಳು ಕೂಡ ಒಮ್ಮೆ ಮೂಸಿ ನೋಡಿ, ತಲೆ ಕೊಡವಿ ಮುಂದೆ ಹೋಗುತ್ತಿದ್ದವು.

ತಾರಾ ಹಿಂತಿರುಗಿ ನೋಡಿದಳು. ಸಾಹೇಬರು ಬೆವರು ಒರೆಸಿಕೊಳ್ಳುತ್ತಿದ್ದರು. ಪಾಪ, ಹೊರಗಿನವರು, ಈ ನೀರಿನ ಕತೆ ಅವರಿಗೇನು ಗೊತ್ತು?

ಅವಳಿಗೆ ಆಯಿ ನೆನಪಾದಳು. ಆಯಿ ಎಂದರೆ ಅವಳ ಅಜ್ಜಿ ಸಾಬಮ್ಮ. ಆಯಿಯ ಕತೆಯಲ್ಲಿ ಒಬ್ಬ ಹುಡುಗಿ ಇದ್ದಳು. ದೂರದಿಂದ ಬಂದ ಮುದುಕನೊಬ್ಬ ಅವಳ ಬಾಗಿಲಲ್ಲಿ ನಿಂತು ನೀರು ಕೇಳಿದ. ಬಾವಿಯ ತನಕ ಯಾರು ಹೋಗಬೇಕು ಎಂದು ಆ ಸೋಮಾರಿ ಹುಡುಗಿ ಬಚ್ಚಲ ಪಕ್ಕದ ಕಲಗಚ್ಚನ್ನೇ ಮೊಗೆದು ಕೊಟ್ಟಳು. ಸಂಜೆಯಾಗುವಷ್ಟರಲ್ಲಿ ಅವಳ ಬೆರಳುಗಳ ಸಂದಿಯಲ್ಲಿ ಪೊರೆ ಬೆಳೆಯಿತು, ಕಣ್ಣು ಮೇಲಕ್ಕೆ ಹೋದವು, ಅವಳು ಕಪ್ಪೆಯಾಗಿ ಕುಪ್ಪಳಿಸಿದಳು.

"ಅದಕ್ಕ ಕಪ್ಪಿ ಇನ್ನಾ ಒದರಾಕತ್ತೈತಿ," ಎಂದು ಆಯಿ ಪ್ರತಿ ಸಲವೂ ಹೇಳುತ್ತಿದ್ದಳು. "ತಪ್ಪಾತು, ತಪ್ಪಾತು, ತಪ್ಪಾತು ಅಂತ."

ತಾರಾ ಕೆರೆಯನ್ನು ಬಿಟ್ಟು ಪೊದೆಯ ಹಿಂದೆ ತಿರುಗಿದಳು. ಅಲ್ಲೊಂದು ದೊಡ್ಡ ಬಂಡೆ, ಅದರ ಬುಡದಲ್ಲಿ ಒಂದು ಒರತೆ. ಈ ಊರಿಗೆ ಬಂದ ಮೊದಲ ವಾರ ಅದನ್ನು ಕಂಡುಹಿಡಿದವಳು ಆಯಿಯೇ. ಬಂಡೆಯ ನೆರಳಿನಲ್ಲಿ ಒಂದು ಕಪ್ಪೆ ಕೂತಿದ್ದನ್ನು ನೋಡಿ, ಇದು ಸುಮ್ಮನೆ ಕೂರುವ ಪೈಕಿ ಅಲ್ಲ ಎಂದು ಮೊಳದುದ್ದ ತೋಡಿದರೆ ತಣ್ಣನೆಯ ನೀರು ಬಂದಿತ್ತು. ಈಗ ಹನ್ನೊಂದು ಶೆಡ್ಡುಗಳ ಜನ ಕುಡಿಯುವುದು ಅದನ್ನೇ.

ತಾರಾ ಬಾಟಲಿಯನ್ನು ಮೂರು ಸಲ ತೊಳೆದಳು. ಬಾಯಿಗೆ ತನ್ನ ಒಗೆದ ಕರ್ಚೀಫು ಹಾಕಿ, ನೀರನ್ನು ಸೋಸಿ, ಕತ್ತಿನ ತನಕ ತುಂಬಿದಳು. ಆಮೇಲೆ ಎರಡೂ ಕೈಯಿಂದ ತಂದುಕೊಟ್ಟಳು.

ಸಾಹೇಬರು ಕುಡಿಯಲಿಲ್ಲ. ಬಿಸಿಲಿಗೆ ಹಿಡಿದು ನೋಡಿ ಹುಬ್ಬೇರಿಸಿದರು. ಶಭಾಷ್ ಎಂದರು. ಬಾಟಲಿಗೆ ಚೀಟಿ ಅಂಟಿಸಿ, ಐಸ್ ತುಂಬಿದ ಡಬ್ಬಿಯಲ್ಲಿ ಮಲಗಿಸಿ, ಜೀಪು ಹತ್ತಿದರು.

ಇದನ್ನು ಕೇಳಿ ಆಯಿಗೆ ಹಿಗ್ಗೋ ಹಿಗ್ಗು. ಐಸ್‌ನಲ್ಲಿಟ್ಟು ಒಯ್ದನೆಂದರೆ ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಕುಡಿಸುತ್ತಾನೆ ಎಂದು ಅವಳ ಲೆಕ್ಕ.

ತಿಂಗಳು ಕಳೆಯಿತು. ಕೆರೆಯ ಸುತ್ತ ಕೆಲಸ ಶುರುವಾಯಿತು. ನಗರದ ಈ ಭಾಗಕ್ಕೆಲ್ಲ ಸೇರಿ ಇಲ್ಲೊಂದು ದೊಡ್ಡ ಪಾರ್ಕು ಬರುತ್ತದಂತೆ. ಗಾಜಿನ ಆಫೀಸುಗಳಲ್ಲಿ ಇಡೀ ದಿನ ಕೂತವರು ಸಂಜೆ ಬಂದು ನಡೆಯುವುದಕ್ಕೆ.

ತಾರಾಳ ಅಪ್ಪ ಅಂಬಾದಾಸ ಗೌಂಡಿ. ಗೋಡೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಗುತ್ತೇದಾರ ಅವನಿಗೆ ಕೊಟ್ಟ ಕೆಲಸ ಗೋಡೆಯದಲ್ಲ. ಕೆರೆಗೆ ಕೊಕ್ಕರೆಯ ಹೆಸರಿದೆ, ಕೊಕ್ಕರೆ ಇಲ್ಲ. ಅದು ಎಂಜಿನಿಯರ್ ಸಾಹೇಬರ ಆಫೀಸಿನವರಿಗೆ ಸರಿಕಾಣಲಿಲ್ಲ. ಹಾಗಾಗಿ ಇಪ್ಪತ್ತೈದು ಸಿಮೆಂಟಿನ ಕೊಕ್ಕರೆ ಮಾಡು ಎಂದಿದ್ದರು. ಅಪ್ಪ ಕೊಕ್ಕರೆಯನ್ನು ಹತ್ತಿರದಿಂದ ನೋಡಿದವನಲ್ಲ. ಮೊದಲ ಐದು ಕೊಕ್ಕರೆಗಳ ಮುಖ ಸ್ವಲ್ಪ ಅವನದೇ ಮುಖದ ಹಾಗೆ ಬಂದಿತ್ತು.

ಗುರುವಾರ ಒಂದು ಬೋರ್ಡು ಬಂತು. ಶೆಡ್ಡಿನವರೆಲ್ಲ ಕೂಡಿದರು. ತೆಲುಗು ಶಾಲೆಗೆ ಹೋಗುತ್ತಿದ್ದ ತಾರಾಳೇ ಓದಿ ಹೇಳಬೇಕಾಯಿತು. ಇಲ್ಲಿ ನಡೆಯುವ ದಾರಿ, ಇಲ್ಲಿ ಕಾರು ನಿಲ್ಲಿಸುವ ಜಾಗ. ಬಂಡೆ ಇದ್ದ ಕಡೆ ನೀಲಿ ಬಣ್ಣದ ಒಂದು ಹೂವು, ಅದು ಹಾಡಿಗೆ ಕುಣಿಯುವ ಕಾರಂಜಿ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ದಪ್ಪ ಅಕ್ಷರ: ನೀರಿನ ಗುಣಮಟ್ಟ ಅತ್ಯುತ್ತಮ. ಕುಡಿಯಲು ಯೋಗ್ಯ.

"ಯಾವ ನೀರು?" ಎಂದಳು ಆಯಿ.

"ಈ ಕೆರಿದು," ಎಂದಳು ತಾರಾ. ಹೇಳಿದವಳೇ ಪೊದೆಯಾಚೆಯ ಬಂಡೆಯ ಕಡೆಗೆ ತಿರುಗಿ ನೋಡಿದಳು.

ಉಳಿದದ್ದನ್ನು ಗುತ್ತೇದಾರನ ಸೂಪರ್‌ವೈಸರ್ ಹೇಳಿದ. ಮೊದಲಿನ ಪ್ಲ್ಯಾನಿನಲ್ಲಿ ಚರಂಡಿಯನ್ನು ಬೇರೆ ಪೈಪಿಗೆ ತಿರುಗಿಸಿ ಕೆರೆ ತೊಳೆಯುವ ಕೆಲಸವಿತ್ತಂತೆ. ನೀರೇ ಇಷ್ಟು ಚೆನ್ನಾಗಿರುವಾಗ ಅದು ಯಾಕೆ ಎಂದು ಕೈಬಿಟ್ಟಿದ್ದಾರೆ. ಆ ದುಡ್ಡಿನಲ್ಲೇ ಕಾರಂಜಿ. ಸೋಮವಾರ ಬಂಡೆಯ ಬುಡಕ್ಕೆ ಕಾಂಕ್ರೀಟ್.

ಹಾಗಾದರೆ ನಾವು ಕುಡಿಯುವುದಕ್ಕೆ ಎಲ್ಲಿಗೆ ಹೋಗಬೇಕು ಎಂದು ಆಯಿ ಕೇಳಿದಳು. ಸೂಪರ್‌ವೈಸರ್ ದೊಡ್ಡ ಮನಸ್ಸಿನಿಂದ ಬೋರ್ಡಿನ ಕಡೆಗೆ ಕೈ ತೋರಿಸಿದ. ಇಡೀ ಕೆರೆಯೇ ನಿಮ್ಮದಲ್ಲವೇನಮ್ಮ, ಕುಡಿಯಿರಿ ಎಂದ.

ಆ ಸಂಜೆ ತಾರಾ ರೊಟ್ಟಿ ಮುಟ್ಟಲಿಲ್ಲ. ಅಪ್ಪ ಎರಡು ಸಲ ಕೇಳಿದ ಮೇಲೆ ಬಾಟಲಿಯ ಸಂಗತಿಯನ್ನೆಲ್ಲ ಹೇಳಿ, "ಅವ್ರು ಕೆರಿ ನೀರಽ ಕೇಳಿದ್ರು. ನಾನಽ ವರತಿಗೆ ಹೋದೆ," ಎಂದು ಅತ್ತುಬಿಟ್ಟಳು.

ಆಯಿ ಸೆರಗಿನಿಂದ ಅವಳ ಕಣ್ಣು ಒರೆಸಿದಳು. ಆಮೇಲೆ ಕೇಳಿದಳು. "ಆ ಮನಶ್ಯಾ ನೀರು ಕುಡ್ಯಾಕ ಕೇಳಿದ್ನೋ, ನೋಡಾಕ ಕೇಳಿದ್ನೋ?"

ತಾರಾ ಯೋಚಿಸಿದಳು. "ನೋಡಾಕ."

"ಹಂಗಾರ ನೋಡಾಕ ಕೊಡು."

ಅಪ್ಪನಿಗೆ ಇದು ಹಿಡಿಸಲಿಲ್ಲ. "ಸಾಹೇಬ್ರ ಬಾಯಿಗಿ ಎದರಾ ನಿಂದರ್ತಿ ಏನವಾ? ಇನ್ನಾ ಇಪ್ಪತ್ತು ಕೊಕ್ಕರಿ ಬಾಕಿ ಅದಾವ ನಂದು."

"ನಿನ್ನ ಕೊಕ್ಕರಿ ನೀರು ಕುಡ್ಯಾಂಗಿಲ್ಲೋ ಅಂಬಾದಾಸ," ಎಂದಳು ಆಯಿ. "ನಾವು ಕುಡೀತೀವಿ."

ಅಪ್ಪ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದು ಅರ್ಧವನ್ನು ತಾರಾಳ ಕಡೆಗೆ ಸರಿಸಿದ.

ಭಾನುವಾರ ಬೆಳಿಗ್ಗೆ ದಂಡೆಯ ಮೇಲೆ ಶಾಮಿಯಾನ ಎದ್ದಿತು. ಪಾರ್ಕಿನ ಬಗ್ಗೆ ಸಾರ್ವಜನಿಕರು ತಮ್ಮ ಅಭಿಪ್ರಾಯ ಹೇಳಬಹುದಿತ್ತು. ಸಾರ್ವಜನಿಕರೆಂದರೆ ವಾಕಿಂಗ್ ಶೂ ಹಾಕಿಕೊಂಡು ಬಂದ ಅಪಾರ್ಟ್‌ಮೆಂಟಿನವರು. ಶೆಡ್ಡಿನವರು ಕುರ್ಚಿ ಜೋಡಿಸಿಕೊಟ್ಟು ಹಿಂದೆ ನಿಂತಿದ್ದರು. ಒಬ್ಬರು ನಾಯಿಗಳಿಗೆ ಬೇರೆ ದಾರಿ ಬೇಕೆಂದರು. ಇನ್ನೊಬ್ಬರು ಕಾರಂಜಿಗೆ ಹಳೆಯ ಹಾಡು ಹಾಕಬೇಕೆಂದರು.

ಎಂಜಿನಿಯರ್ ಸಾಹೇಬರು ಮೈಕು ಹಿಡಿದರು. ಊರಿನ ಬೇರೆ ಕೆರೆಗಳನ್ನು ತೊಳೆದು ತೊಳೆದು ಸಾಕಾಗಿದೆ, ನಮ್ಮ ಕೊಂಗಲ ಕುಂಟ ಮಾತ್ರ ಹುಟ್ಟಾ ಶುದ್ಧ ಎಂದರು. ಆಗಲೇ ಕೆರೆಯ ಕಡೆಯಿಂದ ಗಾಳಿ ಬೀಸಿತು. ಮೂಗಿಗೆ ಕರ್ಚೀಫು ಹಿಡಿದುಕೊಂಡು ಚಪ್ಪಾಳೆ ತಟ್ಟುವುದು ಸುಲಭವಲ್ಲ. ಆದರೂ ಜನ ಹೇಗೋ ತಟ್ಟಿದರು.

ಆ ಚಪ್ಪಾಳೆಯ ನಡುವೆಯೇ ತಾರಾ ಮುಂದೆ ಬಂದಳು. ಅವಳ ಕೈಯಲ್ಲಿ ಆಯಿಯ ಹಿತ್ತಾಳೆ ತಂಬಿಗೆ ಇತ್ತು. ಮೇಜಿನ ಮೇಲೆ ಸಾಲಾಗಿ ನಿಂತ ಮಿನರಲ್ ವಾಟರ್ ಬಾಟಲಿಗಳ ಪಕ್ಕದಲ್ಲಿ ಅದನ್ನು ಇಟ್ಟಳು. ಬಂದವರ ಮುಂದೆ ಕೆಟ್ಟ ನೀರು ಇಡುತ್ತಿದ್ದಾಳೆ. ಇಂದು ಸಂಜೆಗೆ ಏನಾಗುವುದೋ.

ಸಾಹೇಬರು ತಂಬಿಗೆಯೊಳಗೆ ಇಣುಕಿದರು. ಇಣುಕಿದಷ್ಟೇ ಬೇಗ ಹಿಂದೆ ಸರಿದರು.

ಇದು ಕೆರೆಯ ನೀರು ಎಂದು ತಾರಾ ತೆಲುಗಿನಲ್ಲಿ ಹೇಳಿದಳು. ಅಂದು ತಾನು ಬಾಟಲಿಯಲ್ಲಿ ಕೊಟ್ಟದ್ದು ಬಂಡೆಯ ಒರತೆಯದು ಎಂದೂ ಹೇಳಿದಳು. ಯಾಕೆ ಹಾಗೆ ಮಾಡಿದೆ ಎಂದು ಸಾಹೇಬರು ಕೇಳಿದಾಗ ಅವಳ ತೆಲುಗು ಅಲ್ಲಿಗೇ ಮುಗಿದುಹೋಯಿತು.

"ಬಂದವ್ರಿಗಿ ಹೊಲಸು ನೀರು ಹ್ಯಾಂಗ ಕೊಡೂದ್ರಿ?" ಎಂದಳು.

ಮುಂದಿನ ಸಾಲಿನಲ್ಲಿದ್ದ ಅಪೂರ್ವ ಎದ್ದು ನಿಂತಳು. ಮೈಸೂರಿನವಳು, ಮೇಲಿನ ಅಪಾರ್ಟ್‌ಮೆಂಟಿನಲ್ಲಿದ್ದು ಕಂಪ್ಯೂಟರ್ ಕಂಪನಿಯೊಂದಕ್ಕೆ ಹೋಗುತ್ತಿದ್ದಳು. ತಾರಾಳ ಅವ್ವ ಅವಳ ಮನೆಗೆ ಪಾತ್ರೆ ತಿಕ್ಕಲು ಹೋಗುತ್ತಿದ್ದುದರಿಂದ ತಾರಾಳ ಗುರುತಿತ್ತು. ಆ ಮಾತನ್ನು ಅವಳು ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲಿ ಹೇಳಿದಳು. ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಸಾಹೇಬರು ಗಂಟಲು ಸರಿಮಾಡಿಕೊಂಡರು. ರಿಪೋರ್ಟು ಪಾಸಾಗಿದೆ, ಮೂರು ಜನರ ಸಹಿ ಬಿದ್ದಿದೆ ಎಂದರು. ಮತ್ತೊಮ್ಮೆ ತಂಬಿಗೆಯನ್ನು ನೋಡಿದರು. ಸಹಿಯ ಮಾತು ಕೇಳಿ ನೀರು ತಾನಾಗಿಯೇ ತಿಳಿಯಾಗಿರಬಹುದೇನೋ ಎಂಬಂತಿತ್ತು ಆ ನೋಟ.

"ಸಹಿ ಅದರ ಪಾಡಿಗೆ ಇರಲಿ ಸರ್," ಎಂದಳು ಅಪೂರ್ವ. "ನಿಮ್ಮ ಹತ್ರ ಇನ್ನೊಂದು ಖಾಲಿ ಬಾಟಲಿ ಇದೆಯಾ?"

ಇತ್ತು. ಜೀಪಿನಿಂದ ತಂದರು. ಅದಕ್ಕೂ ಗಾಜಿನದೇ ಮುಚ್ಚಳ.

ಎಂಜಿನಿಯರ್ ಸಾಹೇಬರು ಬೂಟುಗಳನ್ನು ನೋಡಿಕೊಂಡರು. ಕೆರೆಯನ್ನು ನೋಡಿದರು. ಮತ್ತೆ ಬೂಟುಗಳನ್ನು ನೋಡಿಕೊಂಡರು. ಕೊನೆಗೆ ತಾರಾಳನ್ನು ನೋಡಿದರು.

ತಾರಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಸಾಹೇಬರು ಒಬ್ಬರೇ ಇಳಿದರು. ಐದನೆಯ ಹೆಜ್ಜೆಗೆ ಬಲಗಾಲು ಮೊಣಕಾಲಿನ ತನಕ ಹೂತಿತು. ಕಾಲೇನೋ ಬಂತು, ಬೂಟು ಬರಲಿಲ್ಲ. ಅಪ್ಪ ತನ್ನ ಕೊಕ್ಕರೆಗಳ ನಡುವಿನಿಂದ ಓಡಿಹೋಗಿ ಕೈ ಕೊಟ್ಟು ಮೇಲೆಳೆದ. ಕಾಲು ಮತ್ತು ಪ್ಯಾಂಟು ತೊಳೆಯುವುದಕ್ಕೆ ಮೇಜಿನ ಮೇಲಿದ್ದ ಮಿನರಲ್ ವಾಟರ್ ಅಷ್ಟೂ ಬೇಕಾಯಿತು. ಹೂತಲ್ಲಿಯೇ ಬಗ್ಗಿ ತುಂಬಿಕೊಂಡ ಬಾಟಲಿಯಲ್ಲಿ ಮಾತ್ರ ಈ ಸಲ ಕೆರೆಯ ನೀರೇ ಇತ್ತು, ಮೀನಿನ ಕಣ್ಣಿನಷ್ಟು ಬೆಳಕೂ ಆಚೆ ಕಾಣದಂಥದು.

ಹೊಸ ರಿಪೋರ್ಟು ಬರುವ ತನಕ ಸೋಮವಾರದ ಕಾಂಕ್ರೀಟ್ ನಿಲ್ಲಲಿ ಎಂದು ಸಾಹೇಬರು ಬಹಳ ಸಣ್ಣ ದನಿಯಲ್ಲಿ ಹೇಳಿದರು. ಸೂಪರ್‌ವೈಸರ್ ಒಂದು ಖಾಲಿ ಸಿಮೆಂಟ್ ಚೀಲ ಹರಿದು ಬೋರ್ಡಿನ 'ಅತ್ಯುತ್ತಮ'ದ ಮೇಲೆ ಕಟ್ಟಿದ. ಉಳಿದ ಬೋರ್ಡು ಹಾಗೇ ಇತ್ತು. ಜನ ಎದ್ದು ಹೋದರು.

ಬಿಸಿಲೇರಿತ್ತು. ಸಾಹೇಬರು ಒಂದೇ ಬೂಟಿನಲ್ಲಿ, ಸಿಮೆಂಟಿನ ಕೊಕ್ಕರೆಯೊಂದಕ್ಕೆ ಒರಗಿ ಕೂತು, ಪಾಪಾ, ಕುಡಿಯುವುದಕ್ಕೆ ಸ್ವಲ್ಪ ನೀರು ಸಿಗುತ್ತದೆಯೇ ಎಂದರು.

ತಾರಾ ಓಡಿದಳು. ತಂಬಿಗೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದಳು, ಮತ್ತೊಮ್ಮೆ ತೊಳೆದಳು, ಸೋಸಿ ತುಂಬಿ ತಂದಳು. ಸಾಹೇಬರು ಅದನ್ನು ಎತ್ತಿದರು. ತುಟಿಯ ಹತ್ತಿರ ಬಂದ ತಂಬಿಗೆ ಅಲ್ಲಿಯೇ ನಿಂತಿತು.

"ಇದು ಎಲ್ಲಿಯ ನೀರು?" ಎಂದು ಕೇಳಿದರು.

ತಾರಾಳಿಗೆ ಮೊದಲು ಬೇಜಾರಾಯಿತು. ತಮ್ಮ ಶೆಡ್ಡಿನಲ್ಲಿ ಕೊಟ್ಟ ನೀರನ್ನು ಹೀಗೆ ಕೇಳಿದವರು ಈವರೆಗೆ ಒಬ್ಬರೂ ಇರಲಿಲ್ಲ. ಮರುಗಳಿಗೆಗೆ ಅವಳಿಗೆ ಅಂದಿನ ಬಾಟಲಿ ಕಣ್ಣ ಮುಂದೆ ಬಂತು. ಅದರ ಮೇಲೆ ಚೀಟಿ ಅಂಟಿಸಿದ್ದರು, ಐಸ್‌ನಲ್ಲಿ ಮಲಗಿಸಿದ್ದರು, ಮೂರು ಜನ ಸಹಿ ಹಾಕಿದ್ದರು. ಆ ಒಂದು ಮಾತನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಬರ್ರಿ," ಎಂದು ಅವಳು ಮುಂದೆ ನಡೆದಳು. ಸಾಹೇಬರು ತಂಬಿಗೆ ಹಿಡಿದುಕೊಂಡು ಕುಂಟುತ್ತ ಹಿಂದೆ ಬಂದರು.

ಬಂಡೆಯ ನೆರಳಿನಲ್ಲಿ ಕಪ್ಪೆ ಕೂತಿತ್ತು. ಇಬ್ಬರನ್ನೂ ನೋಡಿ ಗಂಟಲು ಉಬ್ಬಿಸಿ ಮೂರು ಸಲ ಒದರಿತು. ತಾರಾ ಮೆಲ್ಲನೆ ತನ್ನ ಬೆರಳುಗಳ ಸಂದಿಯನ್ನು ನೋಡಿಕೊಂಡಳು. ಪೊರೆ ಗಿರೆ ಏನೂ ಇರಲಿಲ್ಲ. ಪಕ್ಕದಲ್ಲಿದ್ದ ಸಾಹೇಬರ ಬೆರಳುಗಳನ್ನೂ ಒಮ್ಮೆ ನೋಡಿದಳು.

ಆಮೇಲೆ ಒರತೆಯ ಮೇಲೆ ಬಿದ್ದಿದ್ದ ಎಲೆಯನ್ನು ಸರಿಸಿ, ತಳದ ಕಲ್ಲುಗಳು ಕಾಣುವಂತೆ ಪಕ್ಕಕ್ಕೆ ನಿಂತಳು.

"ಮೊದಲ ನೋಡ್ರಿ," ಎಂದಳು. "ಆಮ್ಯಾಲ ಕುಡೀರಿ."