ಹಾಡಿನಲ್ಲಿ ಕೇಳಿದ ಮಾತು

ಅಮೋಘಸಿದ್ದನ ಜೊತೆ ನನ್ನ ಮೊದಲ ಮಾತೇ ಜಗಳ. ಅದಕ್ಕೆಂದೇ ನಮ್ಮಿಬ್ಬರನ್ನು ಕರೆಸಿದ್ದರು ಅನ್ನಿ.

ಮಾನ್ವಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪರ್ವೇಜಣ್ಣನಿಗೆ ಹಳೇ ಹರದೇಶಿ-ನಾಗೇಶಿ ಹಾಡಿಕೆಯನ್ನು ಮತ್ತೆ ಎಬ್ಬಿಸುವ ಹುಚ್ಚು. ಹರದೇಶಿ ಅಂದರೆ ಗಂಡಿನ ಮೇಳ ಹಾಡಿನಲ್ಲೇ ಸವಾಲು ಹಾಕಬೇಕು, ನಾಗೇಶಿ ಅಂದರೆ ಹೆಣ್ಣಿನ ಮೇಳ ಹಾಡಿನಲ್ಲೇ ತಿರುಗಿ ಕೊಡಬೇಕು, ತಡವರಿಸಿದವರು ಸೋತಂತೆ. ನಮ್ಮಜ್ಜಿ ಬಂಡೆಮ್ಮ ಒಂದು ಕಾಲಕ್ಕೆ ಕಲ್ಮಲದ ಹೆಸರಾಂತ ಹಾಡುಗಾರ್ತಿ. ಈಗ ಗಂಟಲು ಹೋಗಿದೆ, ಬಾಯಿ ಹೋಗಿಲ್ಲ.

"ನನ್ನ ಮೊಮ್ಮಗಳು ಮೌನೇಶ್ವರಿನ್ನ ಕರ್ಕೊಂಡು ಹೋಗ್ರಿ. ಜಗಳ ತೆಗಿಯೋದು ಅಕಿಗಿ ಕಲಿಸೋದೇ ಬ್ಯಾಡ" ಅಂದಳು.

ಅಂಗಡಿಯ ಮಾಳಿಗೆಯಲ್ಲಿ ತಾಲೀಮು. ಮಸರಕಲ್ಲಿನ ಕುರಿಗಾರರ ಮನೆಯ ಅಮೋಘಸಿದ್ದ ತಲೆ ತಗ್ಗಿಸಿ ತುಂತುಣಿಯ ತಂತಿ ಬಿಗಿಯುತ್ತ ಕೂತಿದ್ದ.

"ಹಾಡಾಕ ಬರ್ತದೇನ್ರಿ, ಇಲ್ಲ ಬರೇ ಕುರಿ ಕಾಯಾಕ ಬರ್ತದೋ?" ಅಂದೆ.

ಅವನು ತಲೆ ಎತ್ತಿದ. ಮೊದಲು ಕಣ್ಣು ನಕ್ಕವು, ಆಮೇಲೆ ತುಟಿ. "ಕುರಿ ಕಾಯೋದು ಸಸಾರ ಅದರಿ. ನಿಮ್ಮಂಥವರನ್ನ ಕಾಯೋದು ಕಷ್ಟ."

ಪರ್ವೇಜಣ್ಣ ಚಪ್ಪಾಳೆ ಹೊಡೆದ. ನನಗೆ ಸಿಟ್ಟು ಬಂತು, ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಅಜ್ಜಿಯದೊಂದು ಕಟ್ಟುಪಾಡು ಇತ್ತು. ಕಾರ್ಯಕ್ರಮಕ್ಕೆ ಮೊದಲು ಎರಡೂ ಮೇಳದವರು ಎಲೆ-ಅಡಿಕೆ ಮುಟ್ಟಿ ಮಾತು ಕೊಡಬೇಕು. "ಹಾಡಿನ್ಯಾಗ ಬೈದದ್ದು ಹಾಡಿನ್ಯಾಗೇ ಬಿಡಬೇಕು. ಕೆಳಗ ಇಳಿದ ಮ್ಯಾಲ ಯಾರೂ ಅದನ್ನ ಎತ್ತಬಾರದು" ಅನ್ನುತ್ತಿದ್ದಳು. ಇಲ್ಲದಿದ್ದರೆ ಹಿಂದಿನ ಕಾಲದಲ್ಲಿ ಬಡಿದಾಡಿಯೇ ಸಾಯುತ್ತಿದ್ದರಂತೆ.

ದೇವದುರ್ಗದ ಕಾರ್ಯಕ್ರಮದಲ್ಲಿ ಅವನು ತಾಲೀಮಿನಲ್ಲಿ ಇಲ್ಲದ ನುಡಿಯೊಂದನ್ನು ಹಾಡಿದ:

"ಹಟ್ಟಿ ಅದ ನಂದು, ಹೊಸ್ತಿಲಿಲ್ಲ ಇನ್ನ,
ನೀ ಬಲಗಾಲ ಇಟ್ಟರ ಮನಿ ಆಗತದ, ಬರ್ತಿಯೇನ?"

ಹಾಡುತ್ತ ಜನರ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದ. ಆದರೆ ನಾನು ನಾಗೇಶಿ, ತಡವರಿಸುವ ಹಾಗಿಲ್ಲ. ಬಾಯಿಗೆ ಬಂದದ್ದನ್ನು ಕಟ್ಟಿ ಹಾಡಿದೆ:

"ಹೊಸ್ತಿಲಿಲ್ಲದ ಹಟ್ಟಿಗಿ ನನ್ನ ಕಾಲ ಯಾಕ?
ಕಾವಲಿಗಿ ನಾಯಿ ಅದಲ್ಲ, ಅದನ್ನ ಕೇಳಿ ನೋಡ!"

ಸಿಳ್ಳೆಯೋ ಸಿಳ್ಳೆ. ಅವನೂ ನಕ್ಕ. ತುಂತುಣಿ ಮಾತ್ರ ಒಂದು ಗಳಿಗೆ ತಾಳ ತಪ್ಪಿತು.

ವಾಪಸು ಬರುವ ಟೆಂಪೋದಲ್ಲಿ ಅವನ ಪಕ್ಕದಲ್ಲೇ ಕೂತೆ. ಕೆಳಗಿಳಿದಾಯಿತಲ್ಲ, ಈಗ ಹಾಡಿಲ್ಲದೆ ಕೇಳುತ್ತಾನೆ ಅಂತ ಕಾದೆ. ಅವನು ಕತ್ತಲ ಹೊಲ ನೋಡುತ್ತ ಕೂತ. ಆಮೇಲೆ ಪ್ರತಿ ತಾಲೀಮಿಗೂ ಕಾದೆ. ಹೊಸ ಸೀರೆ ಉಟ್ಟೆ, ಸುಮ್ಮಸುಮ್ಮನೆ ಜಗಳ ತೆಗೆದೆ. ಅವನು "ಹೂಂರಿ, ಹೌದ್ರಿ" ಅನ್ನುವುದನ್ನು ಕಲಿತಿದ್ದ. ಕೇಳಬೇಕಾದವನು ಅವನು ಎಂಬ ಹಟ ನನಗೂ ಇತ್ತು.

ಅಷ್ಟರಲ್ಲಿ ಪ್ರಭುರಾಜ ಅನ್ನುವವನ ಮನೆಯವರು ನನ್ನನ್ನು ನೋಡಲು ಬಂದರು. ಒಳ್ಳೆಯ ಮನುಷ್ಯ, ಕೊಂಕು ಹುಡುಕಿದರೂ ಸಿಗಲಿಲ್ಲ. ಯಾರೂ ಕೇಳದ ಹುಡುಗಿ ಎಷ್ಟು ದಿನ ಬೇಡ ಅನ್ನಬೇಕು? ಒಪ್ಪಿದೆ. ಅಪ್ಪ ನಾಲ್ಕು ಜನರ ಮುಂದೆ ಮಾತು ಕೊಟ್ಟ. ಮದುವೆಯಾದ ಮೇಲೆ ವೇದಿಕೆ ಹತ್ತುವುದು ಬೇಡ ಅಂತಲೂ ಮಾತಾಯಿತು.

ರಾಯಚೂರಿನದು ನನ್ನ ಕೊನೆಯ ಕಾರ್ಯಕ್ರಮ. ರಂಗಮಂದಿರದ ಹಿಂದೆ ಚಹಾ ಕುಡಿಯುತ್ತ ನಾನೇ ಅಮೋಘಸಿದ್ದನಿಗೆ ಮದುವೆ ಗೊತ್ತಾದದ್ದನ್ನು ಹೇಳಿದೆ. ಅವನು ತುಂತುಣಿಯ ತಂತಿ ಸಡಿಲಿಸಿ ಮತ್ತೆ ಬಿಗಿದ.

"ಚಲೋ ಆತ್ರಿ" ಅಂದ ಕೊನೆಗೆ. "ನಾ ಕೇಳಿದ ದಿನಾನೇ ನೀವು ನಾಯಿನ್ನ ಕೇಳು ಅಂದ್ರಿ. ಆವತ್ತೇ ತಿಳಕೊಂಡೆ."

"ಅದು ಹಾಡು!"

"ನಂದು ಹಾಡಾಗಿದ್ದಿಲ್ರಿ."

ಚಹಾದ ಕಪ್ಪು ಕೆಳಗಿಟ್ಟೆ. "ಮತ್ತ ಕೆಳಗ ಇಳಿದ ಮ್ಯಾಲ ಯಾಕ ಕೇಳಲಿಲ್ಲ? ಟೆಂಪೋದಾಗ ಪಕ್ಕದಾಗೇ ಕುಂತಿದ್ದೆನಲ್ಲ!"

"ಎಲಿ-ಅಡಿಕಿ ಮುಟ್ಟಿ ಮಾತು ಕೊಟ್ಟಿದ್ದೆ. ಮ್ಯಾಲಿಂದು ಕೆಳಗ ಎತ್ತಬಾರದಲ್ಲ."

ಅವನ ಮೇಲೆ ಕೂಗಾಡಬೇಕು ಅನಿಸಿತು.

"ಈಗ ಕೇಳ್ರಿ" ಅಂದೆ.

"ಈಗ ಕೇಳಿ ಏನು ಮಾಡೋದು?"

"ಏನೂ ಮಾಡೋದು ಬ್ಯಾಡ. ಒಮ್ಮಿ ಕೇಳ್ರಿ."

ಅವನು ತುಂತುಣಿಯನ್ನು ಕೆಳಗಿಟ್ಟ. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡ. "ಮೌನೇಶ್ವರೀ, ನನ್ನ ಮದುವಿ ಆಗ್ತೀರೇನು?"

"ಆಗ್ತಿದ್ದೆ" ಅಂದೆ.

ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ನಾನು ಅವನ ಕೈ ಹಿಡಿದೆ, ಮೊದಲ ಸಲ. ತಂತಿ ಮೀಟಿ ಮೀಟಿ ಬೆರಳ ತುದಿ ಒರಟಾಗಿತ್ತು. "ನಿಮ್ಮಪ್ಪಗ ತಲಿ ತಗ್ಗಿಸೋ ಹಂಗ ಮಾಡಬ್ಯಾಡ್ರಿ. ಆ ಹುಡುಗಂದೂ ತಪ್ಪಿಲ್ಲ" ಅಂದ. ಅದು ನನಗೂ ಗೊತ್ತಿತ್ತು.

"ಚಲೋ ಚಲೋ, ಟೈಮ್ ಆತು!" ಪರ್ವೇಜಣ್ಣ ಒಳಗಿಂದ ಕೂಗಿದ.

ವೇದಿಕೆ ಹತ್ತಿದೆವು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅನ್ನುವ ಹಳೇ ಸವಾಲನ್ನೇ ಅವನು ಹಾಕಿದ. ನಾನು ಕಲಿತ ಉತ್ತರವನ್ನೇ ಕೊಟ್ಟೆ. ಮೂರನೇ ನುಡಿಗೆ ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಹಾಡಿದೆ. ಹುಡುಗಿ ಎಷ್ಟು ಚೆನ್ನಾಗಿ ಅಭಿನಯ ಮಾಡುತ್ತಾಳೆ ಅಂತ ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.