ದಂತದ ಬಾಯಿ

"ಪುಡೀನ ಬಾಯಿಂದ ಊದಬೇಡಿ ದೊರೆ. ಕೋಳಿಗರಿ ತಗೊಳ್ಳಿ," ಎಂದ ದಂತ ಕೆತ್ತುವ ಮುದುಕ ಓಂಗ್ ಲಿಯಾನ್.

ಸೆವಿಲ್ಲಾದಿಂದ ಬಂದು ಇನ್ನೂ ಎರಡು ತಿಂಗಳಾಗದ ದೋನ್ ಗಾಸ್ಪಾರ್ ನಕ್ಕ. ಮನಿಲಾದ ಚೀನೀ ಕೇರಿಯಲ್ಲಿ ಆ ನಗು ಕೇಳದ ಅಂಗಡಿಯೇ ಇರಲಿಲ್ಲ. ಉಳಿ ಹಿಡಿಯಲು ಬರುತ್ತಿತ್ತೋ ಇಲ್ಲವೋ, ಹಿಡಿದವರನ್ನು ಹೀಗಳೆಯುವುದರಲ್ಲಿ ಮಾತ್ರ ಮಹಾ ಪಂಡಿತ. ಈ ಚೀನೀಯರು ಕೆತ್ತಿದ ಮೇರಿಯಮ್ಮನ ಕಣ್ಣು ಕಿರಿದು, ಇವರಿಗೆ ದೇವರ ಮುಖವೇ ಗೊತ್ತಿಲ್ಲ ಎಂದು ಪಾದ್ರಿಗಳ ಮುಂದೆ ಸಾರಿಕೊಂಡು ತಿರುಗಿದ್ದ. ಈಗ ಅವನೇ ಕೆತ್ತುತ್ತಿದ್ದ ದಂತದ ಕ್ರಿಸ್ತ ದೊಡ್ಡ ಇಗರ್ಜಿಯ ಪೀಠವೇರಿದರೆ ಈ ಕೆತ್ತನೆಯ ಕಾರ್ಖಾನೆ ಅವನ ಕೈಸೇರುತ್ತಿತ್ತು. ಲಿಯಾನ್ ಮತ್ತು ಅವನ ಹನ್ನೊಂದು ಮಂದಿ ಕೆಲಸಗಾರರು ಬೀದಿಪಾಲಾಗುತ್ತಿದ್ದರು.

ಆ ದಂತದ ಕತೆಯನ್ನು ಲಿಯಾನ್ ತಗ್ಗಿದ ದನಿಯಲ್ಲಿ ಹೇಳಿದ. ಹಿಂದಿನ ಮೇಸ್ತ್ರಿ ಸಿಯಾಂಗ್ ಎದುರು ಮಾತಾಡಿದನೆಂದು ಆಗಿನ ಮೇಲ್ವಿಚಾರಕ ಅವನ ಬಾಯಿಗೆ ಒದ್ದಿದ್ದ. ಮಾತು ಕಳೆದುಕೊಂಡ ಸಿಯಾಂಗ್ ಏಳು ದಿನ ಅನ್ನ ಬಿಟ್ಟು, ಮಂತ್ರ ಬರೆದ ಹಳದಿ ಕಾಗದ ಸುಟ್ಟು, ಬೂದಿಯನ್ನು ಈ ದಂತದ ನಡುವೆ ಹಾಯುವ ನರದ ತೂತಿಗೆ ತುಂಬಿ, ಮೇಣ ಮೆತ್ತಿ ಸತ್ತಿದ್ದ.

"ಅದಕ್ಕೆ ಯಾರು ಉಸಿರು ಕೊಡ್ತಾರೋ ಅವರ ಮಾತು ಅದರ ಪಾಲಾಗತ್ತೆ ದೊರೆ."

"ನನ್ನ ಮಾತು ಸಿಕ್ಕರೆ ಅದರ ಪುಣ್ಯ ಬಿಡೋ ಮುದುಕ. ನಿಮ್ಮ ಗೊಣಗಾಟ ಕೇಳಿ ಕೇಳಿ ಅದಕ್ಕೂ ಸಾಕಾಗಿರತ್ತೆ."

ಅದು ಕೊನೆಯುಸಿರೆಳೆಯುವ ಕ್ರಿಸ್ತ. ತೆರೆದ ಬಾಯೊಳಗೆ ಹಲ್ಲು, ನಾಲಗೆ ಕಾಣಬೇಕು. ಗಾಸ್ಪಾರ್ ಆಳಕ್ಕೆ ಕೊರೆದ. ಸುಟ್ಟ ಮೂಳೆಯ ಕಮಟು ಏರಿತು, ಹಳೆಯ ಮೇಣ ಕಳಚಿ ಬಿತ್ತು. ಬಾಯೊಳಗೆ ಪುಡಿ ಕೂತಿತ್ತು. ಅವನು ಲಿಯಾನನನ್ನೇ ನೋಡುತ್ತ, ಬೇಕೆಂದೇ ಬಗ್ಗಿ, ಫೂ ಎಂದು ಊದಿದ.

ಬಾಯಿ ಉಸಿರನ್ನು ಎಳೆದುಕೊಂಡಿತು. ಅವನು ಕೊಟ್ಟದ್ದಕ್ಕಿಂತ ಹೆಚ್ಚು ಎಳೆದುಕೊಂಡಿತು.

ಬೈಯಲು ಹೋದ, ದನಿ ಬರಲಿಲ್ಲ. ಗಂಟಲಿಗೆ ಧೂಳು ಹೋಗಿದೆಯೆಂದುಕೊಂಡು ಶುಂಠಿ ಕಷಾಯ ಕುಡಿದ. ಸುದ್ದಿ ಹಬ್ಬಿದರೆ ನಗೆಪಾಟಲು ಎಂದು ಕಾರ್ಖಾನೆಯಿಂದ ಹೊರಬೀಳಲೇ ಇಲ್ಲ. ಮೂರನೆಯ ದಿನ, ಬಟ್ಟೆ ಹೊದಿಸಿದ ಮೂರ್ತಿ ಕೆಮ್ಮಿತು. ಅವನದೇ ಕೆಮ್ಮು. ಇದನ್ನು ಹೊಳೆಗೆ ಹಾಕಿಬಿಡೋಣ ಎಂದು ಲಿಯಾನ್ ಕಾಲು ಹಿಡಿದ. ಗಾಸ್ಪಾರ್ ಅವನನ್ನು ಒದ್ದು ಆಚೆ ತಳ್ಳಿದ. ಇಂಥವರ ಮಾತಿಗೆ ಹೆದರಿ ಕೈಗೆ ಬಂದ ಪಟ್ಟ ಬಿಡುವುದೇ? ದನಿ ಹೋದರೂ ಜಂಬ ಇಳಿಯಲಿಲ್ಲ ಆ ಮೂರ್ಖನಿಗೆ.

ಭಾನುವಾರ ಬೆಳಗ್ಗೆ ಇಗರ್ಜಿ ಕಿಕ್ಕಿರಿದಿತ್ತು. ಧೂಪ, ಬೆವರು, ಕರಗುವ ಮೇಣ. ಗಾಸ್ಪಾರ್ ಪೀಠವೇರಿದ ಮೂರ್ತಿಗೆ ಒತ್ತಿಕೊಂಡು ನಿಂತಿದ್ದ. ಹಿರಿಯ ಪಾದ್ರಿ ಆಶೀರ್ವದಿಸಲು ಕೈಯೆತ್ತಿದರು.

"ಈ ಡೊಳ್ಳುಹೊಟ್ಟೆ ಪಾದ್ರಿಗೆ ಮಂಡಿಯೂರಬೇಕಂತೆ. ಹಲ್ಲಿಯ ಬೊಂಬೆ ಇಟ್ಟರೂ ಕೈಮುಗಿಯೋ ಜನ."

ಆ ದನಿ ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಗಾಬರಿಯಿಂದ ಗಾಸ್ಪಾರನ ಬಾಯಿ ತೆರೆದೇ ಇತ್ತು, ಅವನೇ ಆಡಿದನೆಂದು ಎಲ್ಲರೂ ನಂಬಿದರು. ಧರ್ಮದ್ರೋಹದ ವಿಚಾರಣೆ ನಡೆಸುವ ಪಾದ್ರಿ ಬಂದು ಕೊರಳಪಟ್ಟಿ ಹಿಡಿದ. ಧರ್ಮದ್ರೋಹಿಗಳನ್ನು ಕಂಬಕ್ಕೆ ಕಟ್ಟಿ ಸುಡುವುದನ್ನು ಗಾಸ್ಪಾರ್ ಸೆವಿಲ್ಲಾದಲ್ಲಿ ಕಣ್ಣಾರೆ ಕಂಡಿದ್ದ.

"ಕ್ರಿಸ್ತನಲ್ಲಿ ನಿನಗೆ ನಂಬಿಕೆ ಇದೆಯೋ ಇಲ್ಲವೋ? ಒಂದು ಮಾತು ಹೇಳು, ಸಾಕು."

ಗಾಸ್ಪಾರ್ ಹೇಳಲು ಹೋದ. ಕತ್ತಿನ ನರ ಉಬ್ಬಿತು. ಉಸಿರು ಬಂತು. ಮಾತು ಬರಲಿಲ್ಲ. ಜನರ ನಡುವೆ ನಿಂತಿದ್ದ ಲಿಯಾನನತ್ತ ಕೈಚಾಚಿದ. ಲಿಯಾನ್ ಕದಲಲಿಲ್ಲ.

ಪೀಠದ ಬಳಿ ಅವನದೇ ದನಿ, ಸಾವಕಾಶವಾಗಿ, "ಇಲ್ಲ" ಎಂದಿತು.